ಎಂಟು ಲಕ್ಷದ ಸ್ಪೀಕರ್ ನಮ್ಮ ಹಂಚಿನ ಮನೆಯಲ್ಲೂ ಹಾಗೇ ಕೇಳಿಸುತ್ತಾ?

ಗಾಳಿಬೀಡು_ಮನೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಮುಂದಿನ ತಿಂಗಳು ಎಪ್ಪತ್ತು ತುಂಬುತ್ತದೆ. ಈ ಸಲ ಕಾಫಿಗೂ ಒಳ್ಳೆ ರೇಟು ಸಿಕ್ಕಿತು. ಅವರಿಗೆ ಒಂದು ಜೋಡಿ ಒಳ್ಳೆ ಸ್ಪೀಕರ್ ಕೊಡಿಸಬೇಕು ಅಂತ ನನಗೂ ತಮ್ಮನಿಗೂ ಬಹಳ ದಿನದ ಆಸೆ. ನಮಗೆ ಹಾಡು ಕೇಳುವುದನ್ನು ಕಲಿಸಿದ್ದೇ ಅವರು. ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು ಕೂತರೆ ಮೊದಲು ರೇಡಿಯೋ, ಆಮೇಲೆ ಮಾತು.

ಹೋದ ವಾರ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮೂರು ಗಂಟೆ ಕೂತು ಕೇಳಿದೆವು. ಮೊದಲು ಒಂದೂಕಾಲು ಲಕ್ಷದ ಚಿಕ್ಕ ಜೋಡಿ. ಆಮೇಲೆ ಮೂರೂವರೆ ಲಕ್ಷದ್ದು. ಕೊನೆಗೆ ಎಂಟು ಲಕ್ಷದ್ದು, ನನ್ನ ಎದೆಯೆತ್ತರ ನಿಲ್ಲುವಂಥದ್ದು. ಕೊನೆಯದನ್ನು ಕೇಳುವಾಗ ಮೈ ಜುಮ್ಮೆಂದಿತು. ತಬಲಾದ ಎಡಗೈ ಪೆಟ್ಟು ಹೊಟ್ಟೆಗೇ ತಾಗಿತು. ಆದರೆ ಆ ಕೋಣೆಯ ನೆಲಕ್ಕೆಲ್ಲ ದಪ್ಪ ಕಾರ್ಪೆಟ್, ಗೋಡೆಗೆ ಬಟ್ಟೆ ಹೊದಿಸಿದ ಪ್ಯಾನೆಲ್. ನಮ್ಮ ಹಾಲ್ 18 ಅಡಿ ಉದ್ದ, 14 ಅಡಿ ಅಗಲ. ಹತ್ತು ಅಡಿ ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹಂಚು. ರೆಡ್ ಆಕ್ಸೈಡ್ ನೆಲ. ಎರಡು ಗೋಡೆಗೆ ದೊಡ್ಡ ದೊಡ್ಡ ಕಿಟಕಿ.

ಅಪ್ಪ ಕೇಳುವುದು ಹಿಂದೂಸ್ತಾನಿ ಗಾಯನ, ಹಳೆಯ ಭಾವಗೀತೆ, ಆಕಾಶವಾಣಿ ಮಡಿಕೇರಿ. ತಮ್ಮ ರಾಕ್ ಕೇಳುತ್ತಾನೆ. ಎಂಟು ಲಕ್ಷ ಸಾಲ ಮಾಡದೆ ಕೊಡಬಹುದು. ಆದರೆ ಅದು ಮುಂದಿನ ವರ್ಷದ ಗೊಬ್ಬರಕ್ಕೆ, ಕೆಲಸದವರ ಸಂಬಳಕ್ಕೆ ಅಂತ ಎತ್ತಿಟ್ಟ ದುಡ್ಡು. ಬೆಲೆ ಏರಿದ ಹಾಗೆ ಸ್ವರವೂ ನಿಜವಾಗಿ ಏರುತ್ತದೆಯೇ? ಅನುಭವ ಇದ್ದವರು ಹೇಳಿ.

ಸಿದ್ದಾಪುರ_ತೋಟ

ಮಗಳೇ, ನಿನ್ನ ಅಪ್ಪನಿಗಿಂತ ನಾನು ಮೂರೇ ವರ್ಷ ಚಿಕ್ಕವನು. ಹಾಗಾಗಿ ಮಗಳೇ ಅಂತಲೇ ಕರೆಯುತ್ತೇನೆ. ಮೂವತ್ತೈದು ವರ್ಷದಲ್ಲಿ ಏಳು ಜೋಡಿ ನನ್ನ ಮನೆಗೆ ಬಂದು ಹೋಗಿವೆ. ಅಂಗಡಿಯಲ್ಲಿ ನೀನು ಕೇಳಿದ್ದು ನಿಜ. ಎಂಟು ಲಕ್ಷದ್ದು ದೊಡ್ಡದಾಗಿ ಕೇಳಿಸಿತು, ಯಾಕೆಂದರೆ ಅದು ದೊಡ್ಡದು.

ಸ್ಪೀಕರ್ ಮಾಡುವವರಲ್ಲಿ ಒಂದು ಹಳೆಯ ಲೆಕ್ಕ ಇದೆ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ (ಕೆಳಗಿನ ದಪ್ಪ ಸ್ವರ) ಆಳಕ್ಕೆ ಇಳಿಯಬೇಕು, ಕಡಿಮೆ ವ್ಯಾಟಿಗೆ ಜೋರಾಗಿ ನುಡಿಯಬೇಕು. ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದು ಸಿಗುವುದಿಲ್ಲ. ಬೇಸ್ ಆಳಕ್ಕೆ ಬೇಕು, ಜೋರೂ ಬೇಕು ಅಂದರೆ ದೊಡ್ಡ ಪೆಟ್ಟಿಗೆ, ದೊಡ್ಡ ಕೋನ್ (ಅಲುಗಿ ಸ್ವರ ಹೊರಡಿಸುವ ಬಟ್ಟಲು), ಅಲುಗದ ಗಟ್ಟಿ ಗೋಡೆ ಬೇಕೇ ಬೇಕು. ಅದಕ್ಕೆಲ್ಲ ದುಡ್ಡು ಬೀಳುತ್ತದೆ. ಬೆಲೆಗೂ ಸ್ವರಕ್ಕೂ ನೇರ ಸಂಬಂಧ ಇರುವುದು ಇಲ್ಲಿ. ಇದರಲ್ಲಿ ಮೋಸ ಇಲ್ಲ.

ಆದರೆ ಮನುಷ್ಯನ ಗಂಟಲಿನ ವಿಷಯ ಬಂದಾಗ ಆ ಸಂಬಂಧ ಸಡಿಲ ಆಗುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ಎಲ್‌ಎಸ್3/5ಎ ಅಂತ ಒಂದು ಪುಟ್ಟ ಸ್ಪೀಕರ್ ಮಾಡಿದರು. ಹೊರಗಡೆ ರೆಕಾರ್ಡಿಂಗಿಗೆ ಹೋಗುವ ವ್ಯಾನಿನೊಳಗೆ ಕೂತು, ಮಾತು ಸರಿಯಾಗಿ ಬರುತ್ತಿದೆಯೇ ಅಂತ ನೋಡಲು. ಒಳಗಿನ ಜಾಗ ಸುಮಾರು ಐದು ಲೀಟರ್, ಅಂದರೆ ನಮ್ಮ ಅಡುಗೆಮನೆಯ ಎಣ್ಣೆ ಕ್ಯಾನಿನಷ್ಟು. ಆಳದ ಬೇಸ್ ಇಲ್ಲ. ಜೋರಾಗಿ ಹಾಕಿದರೆ ಸುಸ್ತಾಗುತ್ತದೆ. ಆದರೆ ಒಬ್ಬರು ಕೂತು ಹಾಡಿದರೆ ಅವರು ಎದುರಿಗೇ ಕೂತ ಹಾಗೆ ಇರುತ್ತದೆ. ಐವತ್ತು ವರ್ಷ ಆದರೂ ಅದೇ ನಮೂನೆಯಲ್ಲಿ ಹೊಸದು ಮಾಡಿ ಮಾರುತ್ತಿದ್ದಾರೆ. ಅಪ್ಪನಿಗೆ ಗಾಯನ ಮುಖ್ಯ ಅಂದರೆ ಈ ಜಾತಿಯ ಸ್ಪೀಕರ್ ಒಮ್ಮೆ ಕೇಳಿಸು.

ಇನ್ನೊಂದು ಮಾತು. ನನ್ನ ಏಳು ಜೋಡಿಯಲ್ಲಿ ಅತಿ ಹೆಚ್ಚು ದುಡ್ಡು ಕೊಟ್ಟಿದ್ದು ಮೂರನೆಯದಕ್ಕೆ. ನಮ್ಮ ಮಳೆಯಲ್ಲಿ ಅದು ಎಂಟು ವರ್ಷವೂ ಬಾಳಲಿಲ್ಲ. ಕೋನಿನ ಸುತ್ತ ಇರುವ ಫೋಮಿನ ಬಳೆ ಮೊದಲು ಅಂಟಂಟಾಯಿತು, ಆಮೇಲೆ ಬೆರಳು ಇಟ್ಟರೆ ಹಳೆ ರಸ್ಕಿನ ಹಾಗೆ ಉದುರಿತು. ಕೊಡಗಿನಲ್ಲಿ ಸ್ಪೀಕರ್ ಕೊಳ್ಳುವವರು ಆ ಬಳೆ ರಬ್ಬರಿನದೋ ಫೋಮಿನದೋ ಅಂತ ಮೊದಲು ಕೇಳಬೇಕು.

ಗೋಣಿಕೊಪ್ಪ_ಸರ್ವಿಸ್

ಅಂಕಲ್ ಹೇಳಿದ ಫೋಮಿನ ವಿಷಯ ನೂರಕ್ಕೆ ನೂರು ಸರಿ. ಜೂನಿನಿಂದ ಸೆಪ್ಟೆಂಬರ್ ತನಕ ನನ್ನ ಹತ್ತಿರ ಬರುವ ಕೆಲಸದಲ್ಲಿ ಅದೇ ಜಾಸ್ತಿ. ಬಳೆ ಮಾತ್ರ ಬದಲಾಯಿಸಬಹುದು, ಕೋನ್ ಚೆನ್ನಾಗಿದ್ದರೆ ಬಿಸಾಡಬೇಡಿ.

ನಾನು ಸ್ಪೀಕರ್ ಬಿಚ್ಚುವವನು. ಬೆಲೆ ಎಲ್ಲಿ ಹೋಗಿದೆ ಅಂತ ಕಣ್ಣಾರೆ ನೋಡುತ್ತೇನೆ. ಮೊನ್ನೆ ಬೆಂಚಿನ ಮೇಲೆ ಎರಡು ಒಟ್ಟಿಗೆ ಇದ್ದವು. ಒಂದು ಹದಿನೈದು ಸಾವಿರದ ಜೋಡಿಯದ್ದು, ಇನ್ನೊಂದು ಒಂದು ಲಕ್ಷ ಇಪ್ಪತ್ತು ಸಾವಿರದ ಜೋಡಿಯದ್ದು. ಬೆರಳ ಗಿಣ್ಣಿನಿಂದ ಪಕ್ಕದ ಗೋಡೆಗೆ ತಟ್ಟಿದೆ. ಮೊದಲನೆಯದು ಖಾಲಿ ಡಬ್ಬದ ಹಾಗೆ ಡಬ್ ಅಂತ ಅಂದು, ಅರೆಕ್ಷಣ ಗುಂಯ್‌ಗುಟ್ಟಿತು. ಎರಡನೆಯದು ಟಕ್ ಅಂದು ಅಲ್ಲೇ ನಿಂತಿತು. ಬಿಚ್ಚಿ ನೋಡಿದರೆ ಎರಡನೆಯದರೊಳಗೆ ಗೋಡೆಯಿಂದ ಗೋಡೆಗೆ ಅಡ್ಡ ಪಟ್ಟಿಗಳು ಕೂತಿದ್ದವು. ಕ್ರಾಸ್‌ಓವರ್ ನೋಡಿದೆ. ಅಂದರೆ ಯಾವ ಸ್ವರ ವೂಫರಿಗೆ (ಕೆಳಗಿನ ಸ್ವರದ ದೊಡ್ಡ ಕೋನ್), ಯಾವುದು ಟ್ವೀಟರಿಗೆ (ಮೇಲಿನ ಸ್ವರದ ಚಿಕ್ಕದು) ಅಂತ ಭಾಗ ಮಾಡುವ ಬೋರ್ಡು. ಅಗ್ಗದ್ದರಲ್ಲಿ ಟ್ವೀಟರಿನ ತಂತಿಗೆ ಒಂದೇ ಒಂದು ಕೆಪಾಸಿಟರ್ ಬೆಸುಗೆ ಹಾಕಿ ಬಿಟ್ಟಿದ್ದರು. ವೂಫರಿಗೆ ಏನೂ ಇಲ್ಲ. ದುಬಾರಿಯದರಲ್ಲಿ ಅಂಗೈ ಅಗಲದ ಬೋರ್ಡು, ದಪ್ಪ ತಾಮ್ರದ ಕಾಯಿಲ್ ಮೂರು, ಫಿಲ್ಮ್ ಕೆಪಾಸಿಟರ್, ಪ್ರತಿಯೊಂದನ್ನೂ ಅಂಟು ಹಾಕಿ ಅಲುಗದ ಹಾಗೆ ಕೂರಿಸಿದ್ದರು. ಅಲ್ಲಿ ಎಂಟು ಪಟ್ಟು ಬೆಲೆಗೆ ಅರ್ಥ ಇತ್ತು. ಕೇಳಿದರೂ ಅರ್ಥ ಇತ್ತು.

ಆದರೆ ಅಲ್ಲಿಂದ ಮೇಲೆ ಹೋದಾಗ ನಾನು ನೋಡಿದ್ದು ಬೇರೆ. ನಾಲ್ಕು ಲಕ್ಷದ, ಆರು ಲಕ್ಷದ ಪೆಟ್ಟಿಗೆಗಳನ್ನೂ ಬಿಚ್ಚಿದ್ದೇನೆ. ಒಳಗೆ ಒಳ್ಳೆ ಸಾಮಾನೇ ಇರುತ್ತದೆ. ಆದರೆ ಜಾಸ್ತಿ ದುಡ್ಡು ಹೋಗಿರುವುದು ಹೊರಗೆ. ಹತ್ತು ಕೋಟ್ ಪಾಲಿಶ್, ಕಡೆದ ಅಲ್ಯುಮಿನಿಯಂ, ಒಳ್ಳೆ ಜಾತಿ ಮರದ ತೆಳು ಹಾಳೆ. ಆಮೇಲೆ ಹಡಗಿನ ಬಾಡಿಗೆ, ಆಮದು ಸುಂಕ, ಜಿಎಸ್‌ಟಿ, ಅಂಗಡಿಯವರ ಲಾಭ. ಇಂಗ್ಲೆಂಡಿನಲ್ಲೋ ಇಟಲಿಯಲ್ಲೋ ಇದ್ದ ಬೆಲೆ ಬೆಂಗಳೂರಿಗೆ ಬರುವಾಗ ಎಷ್ಟಾಗಿರುತ್ತದೆ ನೋಡಿ. ಅದು ಕಳಪೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆ ಮರಗೆಲಸಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ. ಕಿವಿಗೆ ಎಷ್ಟು ಕೊಡುತ್ತಿದ್ದೀರಿ, ಕಣ್ಣಿಗೆ ಎಷ್ಟು ಕೊಡುತ್ತಿದ್ದೀರಿ ಅಂತ ತಿಳಿದು ಕೊಡಿ.

ಕುಶಾಲನಗರ_ಕೇಳುಗ

ಅಕ್ಕ, ನಾನು ಇಂಜಿನಿಯರ್, ಇದರ ಹುಚ್ಚು ಹತ್ತು ವರ್ಷದಿಂದ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿದವರು ಇದ್ದಾರೆ. ಫ್ಲಾಯ್ಡ್ ಟೂಲ್ ಅಂತ ಒಬ್ಬರು, ಕೆನಡಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಶುರು ಮಾಡಿ ಆಮೇಲೆ ಹರ್ಮನ್ ಕಂಪನಿಗೆ ಹೋದವರು. ಅವರೂ ಶಾನ್ ಆಲಿವ್ ಅವರೂ ಸೇರಿ 1994ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ನಾಲ್ಕು ಸ್ಪೀಕರ್, ನಲವತ್ತು ಕೇಳುಗರು. ಒಮ್ಮೆ ಸ್ಪೀಕರ್ ಕಾಣುವ ಹಾಗೆ, ಒಮ್ಮೆ ಪರದೆಯ ಹಿಂದೆ. ಕಣ್ಣಿಗೆ ಕಂಡಾಗ ದೊಡ್ಡದಾಗಿ, ಚಂದವಾಗಿ ಇದ್ದದ್ದಕ್ಕೆ ಅಂಕ ಏರಿತು. ಚಿಕ್ಕ, ಅಗ್ಗದ ಸೆಟ್ಟಿಗೆ ಇಳಿಯಿತು. ಪರದೆ ಎಳೆದ ಕೂಡಲೇ ಅವುಗಳ ನಡುವಿನ ಅಂತರ ಕಡಿಮೆಯಾಯಿತು. ಕೇಳಿದವರು ಸ್ಪೀಕರ್ ಕಂಪನಿಯಲ್ಲೇ ಕೆಲಸ ಮಾಡುವವರು. ಅವರ ಕಿವಿಯನ್ನೇ ಕಣ್ಣು ಆಳಿತು ಅಂದಮೇಲೆ ನಮ್ಮದು ಯಾವ ಲೆಕ್ಕ?

ಹರ್ಮನ್‌ನವರು ಆಮೇಲೆ ಪರದೆಯ ಹಿಂದೆ ಒಂದು ಯಂತ್ರವನ್ನೇ ಕಟ್ಟಿದರು. ಸ್ಪೀಕರ್ ಬದಲಾದರೂ ನುಡಿಯುವ ಜಾಗ ಬದಲಾಗಬಾರದು ಅಂತ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನಲ್ಲಿ ಒಂದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. 2004ರಲ್ಲಿ ಆಲಿವ್ 70 ಸ್ಪೀಕರ್‌ಗಳ ಅಳತೆಯನ್ನು, ಜನ ಕಣ್ಣು ಮುಚ್ಚಿ ಕೊಟ್ಟ ಅಂಕವನ್ನು ಹೋಲಿಸಿದರು. ಎದುರಿಗೆ ಬರುವ ಸ್ವರ ಸಮನಾಗಿರಬೇಕು, ಪಕ್ಕಕ್ಕೆ ಹೋಗುವ ಸ್ವರವೂ ಏರುಪೇರಿಲ್ಲದೆ ನಯವಾಗಿ ಇಳಿಯಬೇಕು, ಬೇಸ್ ಸಾಕಷ್ಟು ಆಳಕ್ಕೆ ಹೋಗಬೇಕು. ಇಷ್ಟರಿಂದಲೇ ಜನ ಯಾವುದನ್ನು ಮೆಚ್ಚುತ್ತಾರೆ ಅಂತ ಬಹುಪಾಲು ಮೊದಲೇ ಹೇಳಬಹುದು ಅಂತ ಗೊತ್ತಾಯಿತು. ಆ ಲೆಕ್ಕದಲ್ಲಿ ಬೆಲೆ ಅನ್ನುವ ಕಾಲಮ್ಮೇ ಇಲ್ಲ.

ಈಗ ನಿಮ್ಮ ಅಪ್ಪನ ಸಂಗೀತಕ್ಕೆ ಬರೋಣ. ಗಂಡಸರು ಹಾಡುವ ಷಡ್ಜ ಹೆಚ್ಚಾಗಿ 130ರಿಂದ 140 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಆಸುಪಾಸಿನಲ್ಲಿ ಇರುತ್ತದೆ. ತಂಬೂರಿಯ ಖರ್ಜದ, ಅಂದರೆ ಅತಿ ಕೆಳಗಿನ ಸ್ವರದ ತಂತಿ ಅದರ ಅರ್ಧ, ಅಂದರೆ 65ರಿಂದ 70. ತಮ್ಮನ ರಾಕ್‌ನಲ್ಲಿ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಎಂಟು ಲಕ್ಷದ ಸ್ಪೀಕರ್ 25ರ ತನಕ ಇಳಿಯುತ್ತದೆ ಅಂದರೆ, 41ರಿಂದ 25ರ ನಡುವೆ ನಿಮ್ಮ ಮನೆಯ ಸಂಗೀತದಲ್ಲಿ ಹೆಚ್ಚೇನೂ ಇಲ್ಲ. ಚರ್ಚಿನ ದೊಡ್ಡ ಪೈಪ್ ಆರ್ಗನ್ ಕೇಳುವವರಿಗೆ ಅದು ಬೇಕು.

ಮೇಲಿನ ತುದಿಯೂ ಹಾಗೇ. ಬಿ ಅಂಡ್ ಡಬ್ಲ್ಯು ಕಂಪನಿ 2005ರಿಂದ ದುಬಾರಿ ಮಾದರಿಗಳಲ್ಲಿ ವಜ್ರದ ಟ್ವೀಟರ್ ಇಡುತ್ತದೆ. ಬಹಳ ಗಟ್ಟಿ, ಬಹಳ ಹಗುರ, ಇಂಜಿನಿಯರಿಂಗ್ ದೃಷ್ಟಿಯಿಂದ ನಿಜಕ್ಕೂ ಅದ್ಭುತ. ಆದರೆ ಮನುಷ್ಯನ ಕಿವಿ 20,000 ಹರ್ಟ್ಜ್‌ಗೆ ನಿಲ್ಲುತ್ತದೆ. ಅದೂ ಚಿಕ್ಕ ವಯಸ್ಸಿನಲ್ಲಿ. ವಯಸ್ಸಾದ ಹಾಗೆ ಆ ಮಿತಿ ಕೆಳಗೆ ಬರುತ್ತದೆ. ಎಪ್ಪತ್ತರ ಅಪ್ಪನಿಗೆ ಮುಖ್ಯ ಆಗುವುದು ನಡುವಿನ ಭಾಗ, ಗಂಟಲು ಮತ್ತು ತಂತಿ ಇರುವ ಜಾಗ. ಅಲ್ಲಿ ಚೆನ್ನಾಗಿರುವುದನ್ನು ಹುಡುಕಿ.

ವಿರಾಜಪೇಟೆ_ಹಾರ್ನ್

ನಾನು ಇದನ್ನು ಒಪ್ಪುವುದಿಲ್ಲ. ಗ್ರಾಫ್ ನೋಡಿ ಮದುವೆ ಆಗಲು ಆಗುತ್ತದೆಯೇ? ಹುತ್ತರಿ ದಿನ ಐನ್‌ಮನೆಯ ಅಂಗಳದಲ್ಲಿ ದುಡಿ ಬಾರಿಸುವಾಗ ಎದುರಿಗೆ ನಿಂತವರಿಗೆ ಗೊತ್ತು, ಆ ಪೆಟ್ಟು ಎಷ್ಟು ಬೇಗ ಬಂದು ಎಷ್ಟು ಬೇಗ ಹೋಗುತ್ತದೆ ಅಂತ. ವಾಲಗದವರು ಕೊಂಬು ಊದಿದರೆ ಎದೆಯೊಳಗೆ ನಡುಕ ಬರುತ್ತದೆ. ಐದಿಂಚಿನ ಕೋನ್ ಅದನ್ನು ಕೊಡಲಾರದು. ಎಷ್ಟೇ ಸಮನಾದ ಗ್ರಾಫ್ ಇದ್ದರೂ ಕೊಡಲಾರದು.

ನನ್ನ ಹತ್ತಿರ ಇರುವುದು ಹಾರ್ನ್, ಅಂದರೆ ಕೊಂಬಿನ ಹಾಗೆ ಬಾಯಿ ಅಗಲವಾಗುವ ಸ್ಪೀಕರ್. ಹಾರ್ನಿನ ದಾರಿಯೇ ಬೇರೆ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಕಂಪನಿ ಕಟ್ಟಿ ಮಾರಲು ಶುರು ಮಾಡಿದ ಕ್ಲಿಪ್ಶ್‌ಹಾರ್ನ್ ಇವತ್ತಿಗೂ ತಯಾರಾಗುತ್ತಿದೆ. ಕೋಣೆಯ ಮೂಲೆಯನ್ನೇ ಹಾರ್ನಿನ ಬಾಯಿ ಮಾಡಿಕೊಳ್ಳುತ್ತದೆ. ಒಂದು ವ್ಯಾಟ್ ಕೊಟ್ಟರೆ ಮನೆ ತುಂಬುತ್ತದೆ. ನಮ್ಮ ಪಕ್ಕದ ಕೊಚ್ಚಿಯಲ್ಲೇ ರೆಥಮ್ ಅಂತ ಕಂಪನಿ ಇದೆ, ಒಂದೇ ಫುಲ್‌ರೇಂಜ್ ಡ್ರೈವರಿನ (ಹೆಚ್ಚುಕಡಿಮೆ ಎಲ್ಲ ಸ್ವರವನ್ನೂ ತಾನೇ ನುಡಿಸುವ ಕೋನಿನ) ಸುತ್ತ ಸ್ಪೀಕರ್ ಕಟ್ಟುತ್ತಾರೆ. ಕೇಳಿದಾಗ ನನಗೆ ಕಣ್ಣೀರು ಬಂತು. ಕೈಯಲ್ಲಿ ಮಾಡಿದ ವಸ್ತುವಿಗೆ, ಒಬ್ಬರು ಜೀವಮಾನ ಕೊಟ್ಟ ವಿದ್ಯೆಗೆ ಬೆಲೆ ಇರಲೇಬೇಕು. ಎಲ್ಲವನ್ನೂ ಪರದೆ ಎಳೆದು ಅಳೆಯಬೇಡಿ.

ಕುಶಾಲನಗರ_ಕೇಳುಗ

ಅಣ್ಣ, ನೀವು ಹೇಳಿದ ಒಂದು ಮಾತು ಪೂರ್ತಿ ಸರಿ. ಜೋರಿನ ವಿಷಯದಲ್ಲಿ ಗಾತ್ರ ಮತ್ತು ಹಾರ್ನ್ ಎರಡೂ ಗೆಲ್ಲುತ್ತವೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಸ್ವರ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 50 ವ್ಯಾಟ್ ಆಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ತೆಗೆದು 100 ವ್ಯಾಟ್ ಇಟ್ಟರೆ ಸಿಗುವುದು ಬರೀ 3 ಡೆಸಿಬೆಲ್. ಒಂದು ವ್ಯಾಟಿಗೆ 85 ಡೆಸಿಬೆಲ್ ಕೊಡುವ ಚಿಕ್ಕ ಸ್ಪೀಕರ್, 100 ಕೊಡುವ ಹಾರ್ನನ್ನು ಅಂಗಳದ ವಾಲಗದ ಮಟ್ಟದಲ್ಲಿ ಮುಟ್ಟಲು ಸಾಧ್ಯವೇ ಇಲ್ಲ, ಅದಕ್ಕೂ ಮೊದಲು ಅದರ ಕಾಯಿಲ್ ಬಿಸಿಯಾಗುತ್ತದೆ. ಅಷ್ಟು ಜೋರು ಬೇಕಾದವರು ನಿಮ್ಮ ದಾರಿ ಹಿಡಿಯಬೇಕು. ಆದರೆ ಅಕ್ಕನ ಅಪ್ಪ ಸಂಜೆ ಕೂತು ಖಯಾಲ್ ಕೇಳುವವರು. ಅವರಿಗೆ ಅಂಗಳದಷ್ಟು ಜೋರು ಬೇಡ ಅಲ್ವಾ?

ಬೆಲೆಗೆ ಮಿತಿಯೇ ಇಲ್ಲ ಅಣ್ಣ. ಅಮೆರಿಕದ ವಿಲ್ಸನ್ ಆಡಿಯೋದವರ ದೊಡ್ಡ ವ್ಯಾಮ್ ಜೋಡಿಗೆ 6,85,000 ಡಾಲರ್ ಬೆಲೆ ಇತ್ತು. ಅದೇ ಇಂಗ್ಲೆಂಡಿನ ಸ್ಪೀಕರ್ ಕಂಪನಿ ಕೆಇಎಫ್‌ನವರು ತಮ್ಮ ಐವತ್ತನೇ ವರ್ಷದ ನೆನಪಿಗೆ 2012ರಲ್ಲಿ ತಂದ ಎಲ್‌ಎಸ್50 ಜೋಡಿಗೆ 1,500 ಡಾಲರ್ ಇತ್ತು. ಬೆಲೆಯಲ್ಲಿ ನಾನೂರೈವತ್ತು ಪಟ್ಟಿಗಿಂತ ಹೆಚ್ಚು ಅಂತರ. ಮೊದಲನೆಯದು ದೊಡ್ಡ ಹಾಲನ್ನು ತುಂಬುತ್ತದೆ, ನಿಜ. ಒಬ್ಬರು ಸಣ್ಣ ಕೋಣೆಯಲ್ಲಿ ಕೂತು ಕೇಳುವ ಗಾಯನಕ್ಕೆ ಅಷ್ಟು ಪಟ್ಟು ಅಂತರ ಸಿಗಲು ಜಾಗವೇ ಇಲ್ಲ.

ವಿರಾಜಪೇಟೆ_ಹಾರ್ನ್

ಅಪ್ಪನ ವಿಷಯಕ್ಕೆ ಒಪ್ಪಿದೆ. ತಮ್ಮನನ್ನು ನಮ್ಮ ಮನೆಗೆ ಕಳುಹಿಸಿ, ಒಂದು ಸಂಜೆ ಕೂತು ಕೇಳಲಿ. ಊಟ ನಮ್ಮಲ್ಲೇ.

ಸೋಮವಾರಪೇಟೆ_ಅಕ್ಕ

ಇಷ್ಟೆಲ್ಲ ಮಾತಾಯಿತು, ಮಳೆಯ ವಿಷಯ ಅಂಕಲ್ ಬಿಟ್ಟರೆ ಯಾರೂ ಎತ್ತಲಿಲ್ಲ. ಜೂನ್ ಕೊನೆಯಲ್ಲಿ ಮಳೆ ಕಟ್ಟಿಕೊಂಡು ಹಂಚಿನ ಮೇಲೆ ಸುರಿಯಲು ಶುರುವಾದರೆ ನಮ್ಮ ಮನೆಯಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಆ ಮೂರು ತಿಂಗಳು ಎಂಟು ಲಕ್ಷದ ಸ್ಪೀಕರಿನ ಸೂಕ್ಷ್ಮ ಎಲ್ಲ ಮಳೆಯ ಸದ್ದಿನ ಕೆಳಗೆ ಮುಚ್ಚಿಹೋಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಾನು ಮಾಡುವುದು ಇಷ್ಟು. ಸ್ಪೀಕರನ್ನು ಹೊರಗಿನ ಗೋಡೆಗೆ ತಾಗಿಸಿ ಇಡುವುದಿಲ್ಲ, ಆ ಗೋಡೆ ಬೆವರುತ್ತದೆ. ಕೆಳಗೆ ಮರದ ಸ್ಟ್ಯಾಂಡ್ ಕೊಟ್ಟು ನೆಲದಿಂದ ಎತ್ತಿದ್ದೇನೆ. ಈಗಿನ ಪೆಟ್ಟಿಗೆಗಳು ಹೆಚ್ಚಾಗಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಒಮ್ಮೆ ನೀರು ಕುಡಿದರೆ ಅಂಚು ಉಬ್ಬಿ ಮತ್ತೆ ಇಳಿಯುವುದಿಲ್ಲ. ಸಿಡಿ, ಕ್ಯಾಸೆಟ್ ಇರುವ ಕಪಾಟಿಗೆ ಬಟ್ಟೆಯ ಬೀರುವಿಗೆ ಇಡುವ ಹಾಗೆ ಒಂದು ಸಣ್ಣ ಬಲ್ಬ್ ಉರಿಸಿಡುತ್ತೇನೆ, ಬೂಸ್ಟು ಹಿಡಿಯುವುದಿಲ್ಲ. ಮಳೆಗಾಲದಲ್ಲೂ ದಿನಾ ಅರ್ಧ ಗಂಟೆ ಆಂಪ್ ಹಾಕುತ್ತೇನೆ, ಅದರ ಬಿಸಿಗೆ ಒಳಗಿನ ತೇವ ಹೋಗುತ್ತದೆ. ಏಪ್ರಿಲ್ ಮೇ ಗುಡುಗಿನ ಕಾಲದಲ್ಲಿ ಮೋಡ ಕಂಡ ಕೂಡಲೇ ಪ್ಲಗ್ ಕಿತ್ತು ಇಡುತ್ತೇನೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಒಂದು ಸಿಡಿಲಿಗೆ ಆಂಪ್ ಕಳೆದುಕೊಂಡ ಮೇಲೆ ಕಲಿತದ್ದು ಇದು.

ಒಳಗೆ ಆಂಪ್ ಇರುವ ಸ್ಪೀಕರ್ ಕೊಳ್ಳುವವರು ಇನ್ನೊಮ್ಮೆ ಯೋಚಿಸಿ. ಸಿಡಿಲು ಬಡಿದರೆ, ತೇವ ಒಳಗೆ ಹೊಕ್ಕರೆ ಸ್ಪೀಕರೂ ಹೋಯಿತು, ಆಂಪೂ ಹೋಯಿತು. ಬೇರೆ ಬೇರೆ ಇದ್ದರೆ ಒಂದನ್ನಾದರೂ ಗೋಣಿಕೊಪ್ಪದ ಅಣ್ಣನ ಹತ್ತಿರ ತೆಗೆದುಕೊಂಡು ಹೋಗಬಹುದು.

ಗಾಳಿಬೀಡು_ಮನೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಲ್ಲ ಉತ್ತರ ಅಪ್ಪನಿಗೆ ಗೊತ್ತಾಗದ ಹಾಗೆ ರಾತ್ರಿ ಕೂತು ಎರಡೆರಡು ಸಲ ಓದಿದೆ. ಎರಡು ಪ್ರಶ್ನೆ. ಅಂಗಡಿಯವರು ಸ್ಪೀಕರ್ ವೈರಿಗೆ ಇಪ್ಪತ್ತೆಂಟು ಸಾವಿರ ಹೇಳಿದರು, ಬೇಕೇ? ಆಮೇಲೆ ನಮ್ಮ ಹಾಲಿನಲ್ಲಿ ಎಲ್ಲಿ ಇಡಬೇಕು?

ಗೋಣಿಕೊಪ್ಪ_ಸರ್ವಿಸ್

ವೈರ್: ಮನೆ ವೈರಿಂಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ತನ್ನಿ. ಹತ್ತು ಅಡಿ ದೂರಕ್ಕೆ ಹೋಗಿ ಬರುವ ಎರಡೂ ತಂತಿ ಸೇರಿ ಅದರ ತಡೆ 0.05 ಓಮ್ ಕೂಡ ಆಗುವುದಿಲ್ಲ. ಸ್ಪೀಕರ್ 8 ಓಮ್. ಅದರ ಎದುರು ಇದು ಏನೂ ಅಲ್ಲ. ನಮ್ಮ ತೇವಕ್ಕೆ ತಾಮ್ರದ ತುದಿ ಹಸಿರುಗಟ್ಟುತ್ತದೆ, ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಇಪ್ಪತ್ತೆಂಟು ಸಾವಿರ ಉಳಿಸಿ, ಅದರಲ್ಲಿ ಒಳ್ಳೆ ದಪ್ಪ ಜಮಖಾನ ಮತ್ತು ಕಿಟಕಿಗೆ ಭಾರದ ಪರದೆ ಬರುತ್ತದೆ.

ಕುಶಾಲನಗರ_ಕೇಳುಗ

ಜಾಗದ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಎಂಟು ಲಕ್ಷದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಗೋಡೆಯಿಂದ ಗೋಡೆಗೆ ಸ್ವರ ಹೋಗಿ ಬರುವಾಗ ಕೆಲವು ಬೇಸ್ ಸ್ವರಗಳು ತಮ್ಮನ್ನು ತಾವೇ ಎತ್ತಿ ಹಿಡಿಯುತ್ತವೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಮೀಟರಿನಲ್ಲಿ ಅಳೆದ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. ನಿಮ್ಮ 18 ಅಡಿಗೆ ಸುಮಾರು 31 ಹರ್ಟ್ಜ್, 14 ಅಡಿಗೆ 40, ಹತ್ತು ಅಡಿ ಎತ್ತರಕ್ಕೆ 56 ಬರುತ್ತದೆ. ಮುಚ್ಚಿಗೆ ಹಲಗೆಯದಾದ್ದರಿಂದ ಸ್ವಲ್ಪ ಬೇಸ್ ಮೇಲಕ್ಕೆ ಸೋರಿಹೋಗುತ್ತದೆ. ಕಾಂಕ್ರೀಟ್ ತಾರಸಿ ಮನೆಯವರಿಗಿಂತ ನೀವು ಈ ವಿಷಯದಲ್ಲಿ ಪುಣ್ಯವಂತರು. ಆದರೆ ಉಳಿದ ಗೋಡೆಗಳ ಗುಂಗು ಇದ್ದೇ ಇರುತ್ತದೆ. ಎಂಟು ಲಕ್ಷದ್ದು 31ನ್ನೂ 40ನ್ನೂ ಪೂರ್ತಿ ಶಕ್ತಿಯಿಂದ ಎಬ್ಬಿಸುತ್ತದೆ. ಅಂಗಡಿಯಲ್ಲಿ ಹೊಟ್ಟೆಗೆ ತಾಗಿದ ತಬಲಾದ ಎಡಗೈ, ನಿಮ್ಮ ಹಾಲಿನಲ್ಲಿ ಖಾಲಿ ನೀರಿನ ಡ್ರಮ್ ಬಡಿದ ಹಾಗೆ ಆಗಬಹುದು. ಚಿಕ್ಕ ಜೋಡಿ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಹಾಗಾಗಿ ಅದು ಆ ಗುಂಗನ್ನು ಎಬ್ಬಿಸುವುದೂ ಇಲ್ಲ.

ಮಾಡಬೇಕಾದದ್ದು ಹೀಗೆ. 14 ಅಡಿಯ ಗೋಡೆಯ ಮುಂದೆ ಸ್ಪೀಕರ್ ಇಡಿ. ಗೋಡೆಯಿಂದ ಎರಡೂವರೆ ಅಡಿ ಮುಂದೆ, ಎರಡರ ನಡುವೆ ಏಳು ಅಡಿ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಕುರ್ಚಿ ಎದುರು ಗೋಡೆಗೆ ಅಂಟಿಕೊಂಡಿರಬಾರದು, ಅಲ್ಲಿ ಬೇಸ್ ಉಬ್ಬುತ್ತದೆ. ನಡುಮಧ್ಯದಲ್ಲೂ ಬೇಡ, ಅಲ್ಲಿ ಕೆಲವು ಸ್ವರ ಮಾಯ ಆಗುತ್ತದೆ. ಸ್ಪೀಕರಿಗೂ ಕುರ್ಚಿಗೂ ನಡುವೆ ನೆಲಕ್ಕೆ ಜಮಖಾನ ಹಾಸಿ. ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಸ್ವರ ತಿರುಗಿಸಿ ಕೊಡುತ್ತದೆ.

ಅಂಗಡಿಯವರನ್ನು ಕೇಳಿ, ಎರಡು ಜೋಡಿ ಮನೆಗೆ ತಂದು ಎರಡು ದಿನ ಕೇಳಲು ಕೊಡುತ್ತಾರೆಯೇ ಅಂತ. ಕೊಟ್ಟರೆ ಪರದೆ ಕಟ್ಟಿ ಅಪ್ಪನಿಗೆ ಕೇಳಿಸಿ. ಎರಡೂ ಒಂದೇ ಜೋರಿನಲ್ಲಿ ಇರಬೇಕು, ಇದು ಬಹಳ ಮುಖ್ಯ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿಗೆ ಅದೇ ಒಳ್ಳೆಯದು ಅನಿಸುತ್ತದೆ. ಅಂಗಡಿಗಳಲ್ಲಿ ದುಬಾರಿಯದು ಗೆಲ್ಲಲು ಎಷ್ಟೋ ಸಲ ಇದೇ ಕಾರಣ.

ಸಿದ್ದಾಪುರ_ತೋಟ

ಇವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ವಾರ್ಫ್‌ಡೇಲ್ ಸ್ಪೀಕರ್ ಕಂಪನಿ ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಜನರ ಎದುರು ನಿಜವಾದ ವಾದ್ಯ ನುಡಿಸಿ, ಅದರ ರೆಕಾರ್ಡನ್ನೂ ತಮ್ಮ ಸ್ಪೀಕರಿನಲ್ಲಿ ಕೇಳಿಸಿ ಹೋಲಿಸಿ ತೋರಿಸುತ್ತಿದ್ದರು. ನಾವೂ ಒಮ್ಮೆ ಮನೆಯಲ್ಲಿ ಹಾಗೆ ಮಾಡಿದೆವು. ನೆಂಟರ ಹುಡುಗ ದುಡಿ ಬಾರಿಸಿದ, ಒಳ್ಳೆ ರೆಕಾರ್ಡರಿನಲ್ಲಿ ಹಿಡಿದೆವು, ಅದೇ ಕೋಣೆಯಲ್ಲಿ ಸ್ಪೀಕರಿನಲ್ಲಿ ಹಾಕಿದೆವು. ಫೋನಿನಲ್ಲಿ ಹಿಡಿಯಬೇಡಿ, ಅದು ತಾನೇ ಜೋರು ಕಡಿಮೆ ಮಾಡಿಬಿಡುತ್ತದೆ. ನನ್ನ ದೊಡ್ಡ ಸ್ಪೀಕರ್ ದುಡಿಯನ್ನು ಚೆಂಡೆಯಷ್ಟು ದಪ್ಪ ಮಾಡಿತು. ಚಿಕ್ಕದು ದುಡಿಯನ್ನು ದುಡಿಯಾಗಿಯೇ ಬಿಟ್ಟಿತು, ಸ್ವಲ್ಪ ತೆಳುವಾಗಿ. ಯಾವುದು ಸರಿ ಅಂತ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಹೇಳಿದಳು.

ಗಾಳಿಬೀಡು_ಮನೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅಂಗಡಿಯವರು ಅಡ್ವಾನ್ಸ್ ಇಟ್ಟುಕೊಂಡು ಒಂದೂಕಾಲು ಲಕ್ಷದ್ದೂ ಮೂರೂವರೆ ಲಕ್ಷದ್ದೂ ಎರಡು ದಿನಕ್ಕೆ ಕೊಟ್ಟರು. ಎಂಟು ಲಕ್ಷದ್ದು ಕೊಡಲಿಲ್ಲ. ಘಾಟಿ ರಸ್ತೆಯಲ್ಲಿ ಅಷ್ಟು ಭಾರದ್ದು ತರಲು ನನಗೂ ಧೈರ್ಯ ಇರಲಿಲ್ಲ.

ತಮ್ಮ ಹಾಲಿನ ಅಡ್ಡಕ್ಕೆ ಹಗ್ಗ ಕಟ್ಟಿ ಅಮ್ಮನ ಎರಡು ತೆಳು ಕಾಟನ್ ಸೀರೆ ಇಳಿಬಿಟ್ಟ. ಫೋನಿನ ಮೀಟರ್ ಇಟ್ಟು ಎರಡರ ಜೋರು ಸರಿಮಾಡಿದೆವು. ಅಪ್ಪನಿಗೆ ಬೆಲೆ ಹೇಳಲಿಲ್ಲ, ಯಾವುದು ನುಡಿಯುತ್ತಿದೆ ಅಂತಲೂ ಹೇಳಲಿಲ್ಲ. ಮೊದಲ ದಿನ ಸ್ಪೀಕರ್ ಗೋಡೆಗೆ ಹತ್ತಿರ ಇತ್ತು. ಅಪ್ಪ ಎರಡನ್ನೂ ಕೇಳಿ, ಎರಡರಲ್ಲೂ ಯಾರೋ ಕೊಡಪಾನದೊಳಗೆ ಕೂತು ಹಾಡಿದ ಹಾಗಿದೆ ಅಂದರು. ನನಗೆ ಜೀವ ಹೋದ ಹಾಗಾಯಿತು. ಮರುದಿನ ಕುಶಾಲನಗರದವರು ಹೇಳಿದ ಅಳತೆಗೆ ಮುಂದೆ ತಂದೆವು, ಜಮಖಾನ ಹಾಸಿದೆವು, ಕಿಟಕಿಗೆ ಚಳಿಗಾಲದ ಕಂಬಳಿ ತೂಗುಹಾಕಿದೆವು. ಅಪ್ಪ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೈಯೆತ್ತಿ, ತಂಬೂರಿಯಲ್ಲಿ ಒಂದು ತಂತಿ ಸ್ವಲ್ಪ ಇಳಿದಿದೆ ನೋಡು ಅಂದರು. ಮೂವತ್ತು ವರ್ಷದಿಂದ ಅವರು ಕೇಳುತ್ತಿದ್ದ ರೆಕಾರ್ಡಿಂಗ್ ಅದು.

ಆ ದಿನ ಆರು ಸಲ ಅದಲು ಬದಲು ಮಾಡಿದೆವು. ನಾಲ್ಕು ಸಲ ಚಿಕ್ಕ ಜೋಡಿಯನ್ನೇ ಒಳ್ಳೆಯದು ಅಂದರು. ಎರಡು ಸಲ ಎರಡೂ ಒಂದೇ ಅಂದರು. ತಮ್ಮ ಮಾತ್ರ ರಾಕ್‌ಗೆ ದೊಡ್ಡದೇ ಬೇಕು ಅಂತ ಹಟ ಹಿಡಿದ, ಅವನ ಮಾತೂ ಸುಳ್ಳಲ್ಲ. ಅವನು ವಿರಾಜಪೇಟೆಗೆ ಬರುತ್ತಾನೆ ಅಣ್ಣ, ಮುಂದಿನ ಭಾನುವಾರ.

ಒಂದೂಕಾಲು ಲಕ್ಷದ್ದನ್ನೇ ಉಳಿಸಿಕೊಂಡೆವು. ರಬ್ಬರಿನ ಬಳೆ, ನೋಡಿಕೊಂಡಿದ್ದೇನೆ. ಈಗ ಅಪ್ಪ ದಿನಾ ಕುರ್ಚಿಯನ್ನು ಒಂದು ಗೇಣು ಹಿಂದೆ ಮುಂದೆ ಮಾಡಿ ನೋಡುತ್ತಾರೆ. ನಿನ್ನೆ ಸರಿಯಾದ ಜಾಗ ಸಿಕ್ಕಿತಂತೆ. ಕೆಂಪು ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಯಾರೂ ಅಲ್ಲಿ ಗುಡಿಸಬೇಡಿ ಅಂತ ಹೇಳಿದ್ದಾರೆ.

ಗೋಣಿಕೊಪ್ಪ_ಸರ್ವಿಸ್

ಮಳೆ ಶುರುವಾದರೆ ಆ ಸೀಮೆಸುಣ್ಣ ತೇವಕ್ಕೆ ನಿಲ್ಲುವುದಿಲ್ಲ ಅಕ್ಕ. ಇವತ್ತೇ ಟೇಪ್ ಹಿಡಿದು ಎರಡು ಗೋಡೆಯಿಂದ ಎಷ್ಟು ಇಂಚು ಅಂತ ಅಳೆದು, ಸ್ಪೀಕರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.